ಕಣ್ಣಿಗೆ ಕಾಣದ ಶಿಲೀಂಧ್ರಗಳ ಕುಲಗೋತ್ರ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ನಮ್ಮಲ್ಲಿ ಅಡಿಕೆಗೂ ಕೊಳೆರೋಗ, ಪಕ್ಕದ ಕಾಫಿ ಗಿಡಕ್ಕೂ ಕೊಳೆರೋಗ. ಎರಡೂ ಮಳೆಗಾಲದಲ್ಲೇ ಬರುತ್ತವೆ, ಎರಡಕ್ಕೂ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ದ್ರಾವಣ) ಹೊಡೆಯುತ್ತೇವೆ. ಇವೆರಡೂ ಒಂದೇ ಶಿಲೀಂಧ್ರವೇ? ಅಡಿಕೆಗೆಂದು ತಂದು ಉಳಿದಿರುವ ಮೆಟಲಾಕ್ಸಿಲ್ ಪುಡಿಯನ್ನು ಕಾಫಿಗೂ ಹೊಡೆಯಬಹುದೇ?
— ಅಡಿಕೆ, ಕಾಫಿ ಬೆಳೆಗಾರರು, ಕೊಪ್ಪ

ಉತ್ತರ: ಹೆಸರು ಒಂದೇ, ಜೀವಿ ಬೇರೆ. ಬೇರೆ ಎಂದರೆ ಅಣ್ಣ ತಮ್ಮಂದಿರಷ್ಟು ಬೇರೆಯಲ್ಲ, ಎರಡರ ವಂಶವೇ ಬೇರೆ. ಕಾಫಿಯ ಕೊಳೆ ತರುವುದು ಸೆರಟೋಬೆಸಿಡಿಯಂ ನಾಕ್ಸಿಯಂ. ಅದು ನಿಜವಾದ ಶಿಲೀಂಧ್ರ, ಅಣಬೆಗಳ ದೊಡ್ಡ ಬಳಗಕ್ಕೆ ಸೇರಿದ್ದು. ಅಡಿಕೆಯ ಕೊಳೆ ತರುವ ಫೈಟಾಫ್ತೊರಾ ಶಿಲೀಂಧ್ರವೇ ಅಲ್ಲ. ನೋಡಲು ದಾರದಂಥ ಎಳೆಗಳು, ಬದುಕುವ ರೀತಿಯೂ ಶಿಲೀಂಧ್ರದ್ದೇ; ಆದರೆ ಅದರ ನೆಂಟಸ್ತಿಕೆ ಇರುವುದು ಕಡಲಿನ ಕಂದು ಪಾಚಿ ಮತ್ತು ಡಯಾಟಮ್ ಎಂಬ ಏಕಕೋಶ ಪಾಚಿಗಳ ಕಡೆಗೆ. ಡಿಎನ್‌ಎ ಹೇಳುವ ಪ್ರಕಾರ ಶಿಲೀಂಧ್ರಗಳೂ ಪ್ರಾಣಿಗಳೂ ಒಂದೇ ಕವಲಿನವು. ಹಾಗಾಗಿ ಕಾಫಿ ಕೊಳೆಯ ಶಿಲೀಂಧ್ರಕ್ಕೆ ಅಡಿಕೆ ಕೊಳೆಯ ಜೀವಿಗಿಂತ ಅದನ್ನು ಹೊಡೆಯಲು ಹೋಗುವ ಮನುಷ್ಯನೇ ಹತ್ತಿರದ ನೆಂಟ!

ಈ ಗೊಂದಲಕ್ಕೆ ದೊಡ್ಡ ಇತಿಹಾಸವೇ ಇದೆ. 1876ರಲ್ಲಿ ಬ್ರಿಟನ್ನಿನ ಎಂ. ಸಿ. ಕುಕ್ ಅವರು ನಮ್ಮ ಕಡೆಯ ಕಾಫಿ ಎಲೆಯ ಮೇಲಿನ ಶಿಲೀಂಧ್ರಕ್ಕೆ ಪೆಲಿಕ್ಯುಲೇರಿಯಾ ಕೊಳೆರೋಗ ಎಂದು ಹೆಸರಿಟ್ಟರು. ಬೆಳೆಗಾರರ ಬಾಯಿಮಾತು ನೇರವಾಗಿ ಪ್ರಭೇದದ ಹೆಸರಾಯಿತು. ಮುಂದೆ ಡಾಂಕ್ ಎಂಬ ಡಚ್ ತಜ್ಞರು ಕೊಳೆರೋಗ ಎಂಬುದನ್ನೇ ಕುಲದ ಹೆಸರಾಗಿಸಿ ಕೊಳೆರೋಗ ನಾಕ್ಸಿಯಾ ಎಂದರು. 1999ರಲ್ಲಿ ಅದನ್ನು ಸೆರಟೋಬೆಸಿಡಿಯಂ ಕುಲಕ್ಕೆ ಸೇರಿಸಿದರು. ಕುಕ್ ಅವರು ಹೆಸರಿಟ್ಟ ಅದೇ 1876ರಲ್ಲಿ ಜರ್ಮನಿಯ ಆಂಟನ್ ಡಿ ಬರಿ, ಆಲೂಗಡ್ಡೆಯ ಅಂಗಮಾರಿ ತರುವ ಜೀವಿಗೆಂದು ಫೈಟಾಫ್ತೊರಾ ಕುಲವನ್ನು ಹುಟ್ಟುಹಾಕಿದ್ದರು. ಅಡಿಕೆಯ ಕೊಳೆ ಆ ಕುಲದ್ದು ಎಂದು ತೋರಿಸಿದವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್. 1910ರ ವರದಿಯಲ್ಲಿ ಅವರು ಅದನ್ನು ಒಂದು ಉಪಬಗೆ ಎಂದು ಕರೆದರು, ಆಮೇಲೆ ಅದು ಫೈಟಾಫ್ತೊರಾ ಅರೆಕೆ ಎಂಬ ಸ್ವತಂತ್ರ ಪ್ರಭೇದವಾಯಿತು. ಡಿಎನ್‌ಎ ಓದಿದ ಮೇಲೆ ಆ ಅರೆಕೆ ಫೈಟಾಫ್ತೊರಾ ಪಾಮಿವೋರಾದಲ್ಲಿ ಲೀನವಾಯಿತು. ಕರ್ನಾಟಕದ ತೋಟಗಳಲ್ಲಿ ಈಗ ಹೆಚ್ಚಾಗಿ ಸಿಗುವುದು ಇನ್ನೊಂದು, ಫೈಟಾಫ್ತೊರಾ ಮೀಡಿಯೈ. ಇದನ್ನು 1918ರಲ್ಲಿ ದಕ್ಷಿಣ ಭಾರತದ ರಬ್ಬರ್ ಮರಗಳ ಮೇಲಿಂದ ವರ್ಣಿಸಿದ್ದರು. ಅಡಿಕೆ ತೋಟದ ಮಗ್ಗುಲಲ್ಲಿ ರಬ್ಬರ್ ಇದ್ದವರು ಈ ನೆಂಟಸ್ತಿಕೆಯನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಕೆಸುವಿನ ಎಲೆ ಸುಡುವ ಫೈಟಾಫ್ತೊರಾ ಕೊಲೊಕೇಸಿಯೆ ಕೂಡ ಮೀಡಿಯೈಯ ಕವಲಿನದ್ದೇ. ಪಾಮಿವೋರಾ ಮಾತ್ರ ದೂರದ ಬೇರೊಂದು ಕವಲು.

ಕಾಲೇಜಿನ ಸೂಕ್ಷ್ಮದರ್ಶಕ ಕೈಗೆ ಸಿಕ್ಕರೆ ವ್ಯತ್ಯಾಸ ಕಾಣುವುದು ಕಷ್ಟವಲ್ಲ. ಕೊಳೆತ ಅಡಿಕೆ ಕಾಯಿಯ ಮೇಲಿನ ಬಿಳಿ ಬೂಸನ್ನು ಸೂಜಿಯಲ್ಲಿ ಎತ್ತಿ ಒಂದು ಹನಿ ನೀರಿನಲ್ಲಿಟ್ಟು 400 ಪಟ್ಟು ಹಿಗ್ಗಿಸಿ ನೋಡಿ. ಎಳೆಗಳಲ್ಲಿ ಅಡ್ಡಗೋಡೆಗಳು ಬಹುತೇಕ ಇರುವುದಿಲ್ಲ, ತುದಿಗಳಲ್ಲಿ ನಿಂಬೆಕಾಯಿ ಆಕಾರದ ಬೀಜಕಚೀಲಗಳು ಇರುತ್ತವೆ. ಅದೇ ಬೂಸನ್ನು ಬಾವಿ ನೀರಿನಲ್ಲಿ ಹಾಕಿ ಫ್ರಿಜ್ಜಿನಲ್ಲಿ 15–20 ನಿಮಿಷ ಇಟ್ಟು ಹೊರಗೆ ತಂದರೆ, ಅರ್ಧ ಮುಕ್ಕಾಲು ಗಂಟೆಯಲ್ಲಿ ಚೀಲ ಒಡೆದು ಈಜುವ ಬೀಜಾಣುಗಳು ಹೊರಬರುವುದನ್ನು ನೋಡಬಹುದು. ಕ್ಲೋರಿನ್ ಇರುವ ನಲ್ಲಿ ನೀರು ಬಳಸಿದರೆ ಏನೂ ಕಾಣದು. ಬೀಜಾಣುಗಳು ಹುಟ್ಟುವ ಮೊದಲೇ ಸಾಯುತ್ತವೆ. ಕಾಫಿಯ ಕೊಳೆ ಗುರುತಿಸುವುದು ಇನ್ನೂ ಸುಲಭ: ಕಪ್ಪಾದ ಎಲೆ ತೊಟ್ಟು ಕಳಚಿಕೊಂಡರೂ ಬೀಳದೆ ಶಿಲೀಂಧ್ರದ ಎಳೆಗಳಿಗೇ ತೂಗಾಡುತ್ತಿರುತ್ತದೆ. ಆ ಎಳೆಗಳಲ್ಲಿ ಅಡ್ಡಗೋಡೆ ಸ್ಪಷ್ಟ. ಕವಲು ಹೆಚ್ಚುಕಡಿಮೆ ಲಂಬಕೋನದಲ್ಲಿ ಒಡೆದು ಬುಡದಲ್ಲಿ ಸೊಂಟದಂತೆ ಸಣ್ಣಗಾಗಿರುತ್ತದೆ.

ಈಗ ಮದ್ದಿನ ವಿಷಯ. ಮೆಟಲಾಕ್ಸಿಲ್ ಹಿಡಿಯುವುದು ಫೈಟಾಫ್ತೊರಾ ಮತ್ತು ಅದರ ಬಳಗದ ಆರ್‌ಎನ್‌ಎ ತಯಾರಿಸುವ ಒಂದು ಕಿಣ್ವವನ್ನು. ನಿಜವಾದ ಶಿಲೀಂಧ್ರದ ಆ ಕಿಣ್ವಕ್ಕೆ ಅದು ತಾಗುವುದಿಲ್ಲ. ನಿಮ್ಮಲ್ಲಿರುವುದು ಮೆಟಲಾಕ್ಸಿಲ್ ಮತ್ತು ಮ್ಯಾಂಕೋಜೆಬ್ ಬೆರೆಸಿದ ಪುಡಿಯಾಗಿದ್ದರೆ ಕಾಫಿಯ ಮೇಲೆ ಮ್ಯಾಂಕೋಜೆಬ್ ಪಾಲು ಒಂದಿಷ್ಟು ಕೆಲಸ ಮಾಡೀತು. ದುಡ್ಡು ಕೊಟ್ಟು ತಂದ ಮೆಟಲಾಕ್ಸಿಲ್ ಪಾಲು ದಂಡ. ಡಬ್ಬದ ಮೇಲೆ ಬರೆಯದ ಬೆಳೆಗೆ ಹೊಡೆಯಲೂ ಬಾರದು. ತಿರುಗುಮುರುಗು ತಪ್ಪೂ ಅಷ್ಟೇ ಸಾಮಾನ್ಯ: ಕಾರ್ಬೆಂಡಜಿಂ, ಹೆಕ್ಸಕೊನಜೋಲ್‌ಗಳನ್ನು ಅಡಿಕೆ ಕೊಳೆಗೆ ಹೊಡೆಯುವುದು. ಹೆಕ್ಸಕೊನಜೋಲ್ ಕೆಡಿಸುವುದು ಎರ್ಗೊಸ್ಟೆರಾಲ್ ಎಂಬ ಕೊಬ್ಬಿನ ತಯಾರಿಯನ್ನು. ಫೈಟಾಫ್ತೊರಾ ಆ ಕೊಬ್ಬನ್ನು ತಯಾರಿಸುವುದೇ ಇಲ್ಲ. ಇಲ್ಲದ ಕಾರ್ಖಾನೆಗೆ ಬೀಗ ಹಾಕಿ ಏನು ಫಲ?

ಬೋರ್ಡೋ ಎರಡಕ್ಕೂ ಕೆಲಸ ಮಾಡುವುದು ತಾಮ್ರ ಒಂದೇ ಕಿಣ್ವವನ್ನು ಹುಡುಕಿಕೊಂಡು ಹೋಗದ ಕಾರಣ. ಮೊಳೆಯುವ ಬೀಜಕದ ಹಲವಾರು ಪ್ರೋಟೀನುಗಳನ್ನು ಅದು ಒಟ್ಟಿಗೇ ಕೆಡಿಸುತ್ತದೆ. ಶೇ. 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, 1 ಕಿಲೋ ಚಿಪ್ಪಿನ ಅಥವಾ ಕಲ್ಲಿನ ಸುಟ್ಟ ಸುಣ್ಣವನ್ನು ಇನ್ನೊಂದು 50 ಲೀಟರ್‌ನಲ್ಲಿ ಬೇರೆ ಬೇರೆ ಕರಗಿಸಿ. ತುತ್ತದ ನೀರನ್ನು ಸುಣ್ಣದ ನೀರಿಗೆ ಕದಡುತ್ತ ಸುರಿಯಬೇಕು. ಸುಣ್ಣವನ್ನು ತುತ್ತಕ್ಕೆ ಸುರಿದರೆ ಕಣ ದಪ್ಪವಾಗಿ ಬೇಗ ತಳಕ್ಕಿಳಿಯುತ್ತದೆ, ಕಾಯಿಗೆ ಅಂಟುವುದಿಲ್ಲ. ಪ್ಲಾಸ್ಟಿಕ್ ಡ್ರಮ್ ಬಳಸಿ, ಕಬ್ಬಿಣದ್ದು ಬೇಡ. ಹೊಳಪಿನ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆದಾಗ ಕೆಂಪು ಬಣ್ಣ ಕೂತರೆ ಸುಣ್ಣ ಸಾಲದು ಎಂದರ್ಥ, ಇನ್ನಷ್ಟು ಸೇರಿಸಿ. ಗೋಣಿಯಲ್ಲಿ ತಿಂಗಳುಗಟ್ಟಲೆ ಗಾಳಿಗೆ ಬಿದ್ದ ಸುಣ್ಣ ಸತ್ತುಹೋಗಿರುತ್ತದೆ. ತೂಕ ಸರಿಯಿದ್ದೂ ಚಾಕು ಕೆಂಪಾಗುವುದಕ್ಕೆ ಬಹುಪಾಲು ಅದೇ ಕಾರಣ. ಮಾಡಿದ ದ್ರಾವಣವನ್ನು ಅಂದೇ ಮುಗಿಸಬೇಕು.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಹಳ್ಳದ ನೊರೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ನಾಲ್ಕು ತೋಳಿನ, ಗಾಳಿಪಟದ ಕಡ್ಡಿಯಂಥ ಬೀಜಕಗಳು ಕಂಡವು. ಜೊತೆಗೆ ಎಸ್ ಆಕಾರದವೂ ಇದ್ದವು. ನಾಲ್ಕು ತೋಳಿನವನ್ನೆಲ್ಲ ಒಂದು ಕುಟುಂಬ ಎಂದು ವಿಂಗಡಿಸಿ ಪ್ರಾಜೆಕ್ಟ್ ಬರೆಯಬಹುದೇ?
— ಎಂ.ಎಸ್ಸಿ. ವಿದ್ಯಾರ್ಥಿನಿ, ಸುಳ್ಯ

ಉತ್ತರ: ಬೇಡ. ನೀವು ಕಂಡವು ಜಲವಾಸಿ ಹೈಫೋಮೈಸೀಟ್‌ಗಳು. ನೀರಿಗೆ ಬಿದ್ದ ತರಗೆಲೆಯನ್ನು ಮೊದಲು ಮೆದುಗೊಳಿಸಿ ಹುಳಗಳಿಗೆ ತಿನ್ನಲು ಅಣಿ ಮಾಡುವ ಶಿಲೀಂಧ್ರಗಳು ಇವು. 1942ರಲ್ಲಿ ಇಂಗ್ಲೆಂಡಿನ ಸಿ. ಟಿ. ಇಂಗೋಲ್ಡ್ ತೊರೆಯೊಂದರಲ್ಲಿ ಕೊಳೆಯುತ್ತಿದ್ದ ಆಲ್ಡರ್ ಎಲೆಗಳ ಮೇಲೆ ಇವನ್ನು ಸವಿವರವಾಗಿ ವರ್ಣಿಸಿದರು, ಅದಕ್ಕೇ ಇಂಗೋಲ್ಡಿಯನ್ ಶಿಲೀಂಧ್ರಗಳು ಎಂಬ ಹೆಸರೂ ಇದೆ. ಪಶ್ಚಿಮ ಘಟ್ಟದ ತೊರೆಗಳಲ್ಲಿ ಮಂಗಳೂರು ವಿಶ್ವವಿದ್ಯಾನಿಲಯದವರು ದಶಕಗಳಿಂದ ಇವನ್ನು ಪಟ್ಟಿ ಮಾಡುತ್ತ ಬಂದಿದ್ದಾರೆ. ನಿಮ್ಮ ಪ್ರಾಜೆಕ್ಟಿಗೆ ಆ ಪ್ರಬಂಧಗಳೇ ಮೊದಲ ಓದು.

ನಾಲ್ಕು ತೋಳು ಹರಿಯುವ ನೀರಿಗೆ ಹೇಳಿಮಾಡಿಸಿದ ಆಕಾರ. ಮೂರು ತುದಿ ಎಲೆಗೆ ತಾಗಿದರೆ ಬೀಜಕ ಮುಕ್ಕಾಲಿಯಂತೆ ಕೂತುಬಿಡುತ್ತದೆ, ಪ್ರವಾಹ ಅಲುಗಿಸದು. ಹಾಗಾಗಿ ಸಂಬಂಧವೇ ಇಲ್ಲದ ವಂಶಗಳು ಬೇರೆ ಬೇರೆ ಕಾಲದಲ್ಲಿ ಇದೇ ಆಕಾರಕ್ಕೆ ಬಂದು ತಲುಪಿವೆ. ಟೆಟ್ರಾಕ್ಲೇಡಿಯಂ ಒಂದು ವರ್ಗದ್ದು, ಕ್ಲಾವೇರಿಯಾಪ್ಸಿಸ್ ಅಕ್ವಾಟಿಕಾ ಇನ್ನೊಂದು ವರ್ಗದ್ದು. ಇಂಗೋಲ್ಡಿಯೆಲ್ಲಾ ಹಮಾಟಾದ ತೋಳುಗಳಲ್ಲಿ ಅಡ್ಡಗೋಡೆಯ ಬದಿಗೆ ಸಣ್ಣ ಕೊಂಡಿಗಳಿರುತ್ತವೆ, ಅದು ಅಣಬೆ ಬಳಗದ ಗುರುತು. ಎರಿನಿಯಾ ಕೊನಿಕಾವಂತೂ ನೀರಿನ ಕೀಟಗಳನ್ನು ಕೊಲ್ಲುವ ಶಿಲೀಂಧ್ರ. ಅದಕ್ಕೂ ನಾಲ್ಕು ತೋಳು! ಎಸ್ ಆಕಾರದ ಕಥೆಯೂ ಹೀಗೆಯೇ. ಆಂಗ್ವಿಲೋಸ್ಪೋರಾ ಎಂದು ಒಂದೇ ಕುಲದಲ್ಲಿಟ್ಟಿದ್ದ ಲಾಂಗಿಸಿಮಾ ಮತ್ತು ಕ್ರಾಸಾ ಎರಡು ಬೇರೆ ವರ್ಗಗಳಿಗೆ ಸೇರಿದವು ಎಂದು ಡಿಎನ್‌ಎ ತೋರಿಸಿತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತು ಇಲ್ಲಿ ಅಕ್ಷರಶಃ ಸತ್ಯ.

ಹಾಗಾದರೆ ಆಕಾರ ನಿರುಪಯೋಗಿಯೇ? ಅಲ್ಲ. ಪ್ರಭೇದ ಗುರುತಿಸಲು ಆಕಾರ ಬೇಕೇ ಬೇಕು, ನೆಂಟಸ್ತಿಕೆ ಹೇಳಲು ಮಾತ್ರ ಅದು ಸಾಲದು. ತೋಳುಗಳ ಉದ್ದ, ಅವು ಮುಖ್ಯ ಕಾಂಡದ ಯಾವ ಜಾಗದಿಂದ ಹೊರಡುತ್ತವೆ, ಅಡ್ಡಗೋಡೆ ಎಷ್ಟು, ಕಳಚಿದ ಗಾಯದ ಗುರುತು ಎಲ್ಲಿದೆ, ಇಷ್ಟನ್ನು ಪ್ರತಿ ಪ್ರಭೇದಕ್ಕೆ ಕನಿಷ್ಠ 30 ಬೀಜಕಗಳಲ್ಲಿ ಅಳೆಯಿರಿ. ಲೂನುಲೋಸ್ಪೋರಾ ಕರ್ವುಲಾವನ್ನು ಉಳಿದ ಬಾಗಿದ ಬೀಜಕಗಳಿಂದ ಬೇರೆ ಮಾಡುವುದು ಗಾಯದ ಗುರುತು ತುದಿಯಲ್ಲಿರದೆ ನಡುಭಾಗದಲ್ಲಿರುವುದೇ.

ನೊರೆಯೊಂದನ್ನೇ ನಂಬಿದರೆ ಲೆಕ್ಕ ತಪ್ಪುತ್ತದೆ. ನಾಲ್ಕು ತೋಳಿನವು ಗುಳ್ಳೆಗೆ ಚೆನ್ನಾಗಿ ಸಿಕ್ಕಿಕೊಳ್ಳುತ್ತವೆ, ಎಸ್ ಆಕಾರದವು ಜಾರಿಹೋಗುತ್ತವೆ. ನೊರೆಯ ಜೊತೆಗೆ ನೀರಿನಲ್ಲಿ ಮುಳುಗಿದ, ಅರ್ಧ ಕೊಳೆತ ಎಲೆಗಳನ್ನೂ ತನ್ನಿ. ಚೆನ್ನಾಗಿ ತೊಳೆದು ಒಂದು ಸೆಂ.ಮೀ. ತುಂಡುಗಳಾಗಿ ಕತ್ತರಿಸಿ, 250 ಮಿ.ಲೀ. ಫ್ಲಾಸ್ಕಿನಲ್ಲಿ 150 ಮಿ.ಲೀ. ಕ್ರಿಮಿಶುದ್ಧ ನೀರಿಗೆ ಹಾಕಿ ಮೀನಿನ ತೊಟ್ಟಿಯ ಪಂಪಿನಿಂದ 48 ಗಂಟೆ ಗಾಳಿ ಗುಳ್ಳೆ ಬಿಡಿ. ಆ ನೀರನ್ನು 5 ಮೈಕ್ರಾನ್ ರಂಧ್ರದ ಪೊರೆಯಲ್ಲಿ ಸೋಸಿ ಶೇ. 0.1ರ ಅನಿಲಿನ್ ನೀಲಿಯಲ್ಲಿ ಬಣ್ಣ ಹಾಕಿ ಎಣಿಸಬಹುದು. ಗುಳ್ಳೆ ಬಿಡದೆ ನಿಂತ ನೀರಿನಲ್ಲಿಟ್ಟರೆ ಬೀಜಕ ಕಡಿಮೆ, ಬ್ಯಾಕ್ಟೀರಿಯಾ ಜಾಸ್ತಿ. ನೊರೆಯನ್ನು ಅಂದೇ ನೋಡಲಾಗದಿದ್ದರೆ ಜಾಗದಲ್ಲೇ ಫಾರ್ಮಲಿನ್ ಮಿಶ್ರಣ ಸೇರಿಸಿ. ಹಾಗೇ ಬಿಟ್ಟರೆ ಬೀಜಕಗಳು ಸೀಸೆಯಲ್ಲೇ ಮೊಳೆತು ಆಕಾರ ಕೆಡುತ್ತದೆ.

ಡಿಎನ್‌ಎ ಬೇಕಾದರೆ ಒಂದೇ ಬೀಜಕದಿಂದ ಬೆಳೆಸಿದ ಕೃಷಿ (ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಶಿಲೀಂಧ್ರ) ಬೇಕು, ಫಾರ್ಮಲಿನ್ ತಾಗಿದ್ದು ಆಗದು. ತಾಜಾ ಬೀಜಕಗಳಿರುವ ನೀರನ್ನು ಆಂಟಿಬಯಾಟಿಕ್ ಬೆರೆಸಿದ ಶೇ. 2ರ ಮಾಲ್ಟ್ ಅಗಾರ್ ಮೇಲೆ ತೆಳ್ಳಗೆ ಹರಡಿ, 12ರಿಂದ 24 ಗಂಟೆಯೊಳಗೆ ಮೊಳೆತ ಬೀಜಕವನ್ನು ಅಗಾರ್ ತುಂಡಿನ ಸಮೇತ ಕತ್ತರಿಸಿ ಹೊಸ ತಟ್ಟೆಗೆ ಹಾಕಿ. ನಾಳೆ ನೋಡೋಣ ಎಂದು ಬಿಟ್ಟರೆ ಟ್ರೈಕೋಡರ್ಮಾ, ಮ್ಯೂಕರ್‌ಗಳು ತಟ್ಟೆಯನ್ನೇ ನುಂಗುತ್ತವೆ. ಇನ್ನೊಂದು ಮುಖ್ಯ ಮಾತು. ಅಗಾರ್ ಮೇಲೆ ಇವು ಸಾಮಾನ್ಯವಾಗಿ ಬೀಜಕ ಕೊಡುವುದಿಲ್ಲ, ಬರೀ ಕಂದು ಬೂಸಾಗಿ ಕೂರುತ್ತವೆ. ಕೃಷಿಯ ಅಂಚಿನ ತುಂಡನ್ನು ನೀರಿನಲ್ಲಿ ಮುಳುಗಿಸಿ ಗಾಳಿ ಬಿಟ್ಟರೆ ಕೆಲವು ದಿನಗಳಲ್ಲಿ ಬೀಜಕ ಬರುತ್ತದೆ. ಅದು ನೀವು ಎತ್ತಿದ ಆಕಾರದ್ದೇ ಎಂದು ನೋಡಿಕೊಂಡ ಮೇಲೆಯೇ ಡಿಎನ್‌ಎ ತೆಗೆಯಿರಿ. ಈ ಹೆಜ್ಜೆ ಬಿಟ್ಟವರು ಧೂಳಿನ ಪೆನಿಸಿಲಿಯಂಗೆ ಇಂಗೋಲ್ಡಿಯನ್ ಹೆಸರಿಟ್ಟು ಡಿಎನ್‌ಎ ಸರಣಿಗಳ ಸಾರ್ವಜನಿಕ ಭಂಡಾರವಾದ ಜೀನ್‌ಬ್ಯಾಂಕ್‌ಗೆ ಕಳಿಸುವ ಅಪಾಯವಿದೆ.

ಭೌಗೋಳಿಕವಾಗಿ ನೋಡಿದರೆ ನಿಮ್ಮ ಹಳ್ಳದಲ್ಲಿ ಟ್ರಿಸೆಲೋಫೋರಸ್ ಮೊನೋಸ್ಪೋರಸ್, ಲೂನುಲೋಸ್ಪೋರಾ ಕರ್ವುಲಾ, ಫ್ಲಾಜೆಲೋಸ್ಪೋರಾ ಪೆನಿಸಿಲಿಯಾಯ್ಡಿಸ್ ಮೊದಲು ಸಿಗಬೇಕು, ಅವು ಬೆಚ್ಚನೆಯ ನೀರಿನವು. ಯುರೋಪಿನ ತೊರೆಗಳಲ್ಲಿ ಲೂನುಲೋಸ್ಪೋರಾ ಹೆಚ್ಚುವುದು ಬೇಸಿಗೆಯಲ್ಲಿ. ಟೆಟ್ರಾಕೀಟಂ ಎಲೆಗಾನ್ಸ್ ತಂಪು ನಾಡಿನದು. ಅದು ಬಯಲು ಸೀಮೆಯ ಬಿಸಿ ನೀರಿನಲ್ಲಿ ಹೇರಳವಾಗಿ ಸಿಕ್ಕಿತು ಎಂದು ಬರೆಯುವ ಮೊದಲು ಸ್ಲೈಡನ್ನು ಇನ್ನೊಮ್ಮೆ ನೋಡಿ.

ಪ್ರಶ್ನೆ: ಬ್ಯಾಡಗಿ ಮೆಣಸಿನಕಾಯಿಯ ಚಿಬ್ಬು ರೋಗದಿಂದ ಬೇರ್ಪಡಿಸಿದ ಶಿಲೀಂಧ್ರದ ಐಟಿಎಸ್ (ಶಿಲೀಂಧ್ರ ಗುರುತಿಸಲು ಓದಿಸುವ ಡಿಎನ್‌ಎ ತುಣುಕು) ಓದಿಸಿದ್ದೇನೆ. ಅದನ್ನು ಭಂಡಾರದ ಸರಣಿಗಳೊಂದಿಗೆ ಹೋಲಿಸುವ ಬ್ಲಾಸ್ಟ್ ಹುಡುಕಾಟದಲ್ಲಿ ಕೊಲೆಟೋಟ್ರೈಕಂ ಗ್ಲಿಯೋಸ್ಪೋರಿಯಾಯ್ಡಿಸ್ ಜೊತೆ ಶೇ. 99.6 ಹೊಂದಿಕೆ. ಇಷ್ಟು ಸಾಕಲ್ಲವೇ?
— ಸಂಶೋಧನಾ ವಿದ್ಯಾರ್ಥಿ, ಧಾರವಾಡ

ಉತ್ತರ: ಕುಲಕ್ಕೆ ಸಾಕು, ಪ್ರಭೇದಕ್ಕೆ ಸಾಲದು. ಹೊಂದಿಕೆಯ ಪಟ್ಟಿಯಲ್ಲಿ ಇನ್ನೂ ಸ್ವಲ್ಪ ಕೆಳಗೆ ಹೋಗಿ ನೋಡಿ. ಅದೇ ಶೇಕಡಾವಾರಿನಲ್ಲಿ ಅದೇ ಕುಲದ ಸಿಯಾಮೆನ್ಸೆ, ಫ್ರಕ್ಟಿಕೋಲಾ ಎಂಬ ಪ್ರಭೇದಗಳ ಹೆಸರುಗಳೂ ಕೂತಿರುತ್ತವೆ. 2012ರಲ್ಲಿ ಶಿಲೀಂಧ್ರಗಳ ಅಧಿಕೃತ ಬಾರ್‌ಕೋಡ್ ಆಗಿ ಐಟಿಎಸ್ ಅನ್ನು ಆರಿಸಿದ್ದು ಅದು ಹೆಚ್ಚಿನ ಗುಂಪುಗಳಲ್ಲಿ ಸುಲಭವಾಗಿ ಓದಿಸಿಕೊಳ್ಳುತ್ತದೆ, ಹೆಚ್ಚಿನ ಗುಂಪುಗಳನ್ನು ಬೇರ್ಪಡಿಸುತ್ತದೆ ಎಂಬ ಕಾರಣಕ್ಕೆ. ಎಲ್ಲವನ್ನೂ ಅಲ್ಲ. ಗ್ಲಿಯೋಸ್ಪೋರಿಯಾಯ್ಡಿಸ್ ಸಂಕೀರ್ಣದೊಳಗೆ (ತೀರಾ ಹತ್ತಿರದ ಪ್ರಭೇದಗಳ ಗುಂಪಿನೊಳಗೆ) ಪ್ರಭೇದ ಪ್ರಭೇದಗಳ ನಡುವೆ 500ಕ್ಕೂ ಹೆಚ್ಚು ಅಕ್ಷರಗಳಲ್ಲಿ ಒಂದೆರಡು ಅಕ್ಷರ ಬದಲಾಗಿರುವುದೇ ಹೆಚ್ಚು, ಕೆಲವು ಜೋಡಿಗಳಲ್ಲಿ ಅದೂ ಇಲ್ಲ. ನಿಮ್ಮ ಶೇ. 0.4 ಎಂದರೆ ಸುಮಾರು ಎರಡು ಅಕ್ಷರ. ಅದು ಪ್ರಭೇದದ ವ್ಯತ್ಯಾಸವೋ ಯಂತ್ರ ಓದುವಾಗಿನ ತಪ್ಪೋ, ಆ ಸಂಖ್ಯೆಯಿಂದ ತಿಳಿಯದು.

ಇನ್ನೊಂದು ತೊಡಕು ಹೆಸರಿನದು. ಗ್ಲಿಯೋಸ್ಪೋರಿಯಾಯ್ಡಿಸ್ ಎಂಬ ಹೆಸರನ್ನು ಕಟ್ಟಿಹಾಕಿರುವ ಆಧಾರ ಮಾದರಿ ಇಟಲಿಯ ಕಿತ್ತಳೆ ಜಾತಿಯ ಗಿಡದ್ದು. ಅದರೊಂದಿಗೆ ಹೋಲಿಸಿದಾಗ ಉಷ್ಣವಲಯದ ಹಣ್ಣುಗಳಿಂದ ಈ ಹೆಸರಿನಲ್ಲಿ ವರದಿಯಾದವುಗಳಲ್ಲಿ ಬಹಳಷ್ಟು ಬೇರೆ ಪ್ರಭೇದಗಳೆಂದು ಗೊತ್ತಾಯಿತು. ಜೀನ್‌ಬ್ಯಾಂಕ್‌ನಲ್ಲಿ ಹಳೆಯ ಚೀಟಿ ಅಂಟಿದ ಸಾವಿರಾರು ದಾಖಲೆಗಳು ಹಾಗೇ ಉಳಿದಿವೆ. ನೀವು ಹೋಲಿಸಿದ್ದು ಅಂಥ ಒಂದರ ಜೊತೆಗೂ ಇರಬಹುದು. ಆದ್ದರಿಂದ ಹುಡುಕಾಟವನ್ನು ಆಧಾರ ಮಾದರಿಗಳ ದಾಖಲೆಗೆ ಸೀಮಿತ ಮಾಡಿ ಇನ್ನೊಮ್ಮೆ ನೋಡಿ.

ಮುಂದಿನ ಹೆಜ್ಜೆ ಹೀಗೆ. ಮೊದಲು ಬೀಜಕ ನೋಡಿ. ಕುಡುಗೋಲಿನಂತೆ ಬಾಗಿದ್ದರೆ ಅದು ಮೆಣಸಿನಕಾಯಿಯ ಮೇಲೆ ತೀರಾ ಸಾಮಾನ್ಯವಾದ ಟ್ರಂಕೇಟಂ ಬಳಗ, ಎರಡೂ ತುದಿ ಗುಂಡಾದ ಕೊಳವೆಯಾಗಿದ್ದರೆ ಗ್ಲಿಯೋಸ್ಪೋರಿಯಾಯ್ಡಿಸ್ ಸಂಕೀರ್ಣದ ಸಾಧ್ಯತೆ. ಐದು ನಿಮಿಷದ ಈ ಕೆಲಸ ಸಾವಿರಾರು ರೂಪಾಯಿ ಉಳಿಸುತ್ತದೆ. ಆಮೇಲೆ ಜಿಎಪಿಡಿಎಚ್, ಬೀಟಾ ಟ್ಯೂಬುಲಿನ್ ಮತ್ತು ಎಪಿಮ್ಯಾಟ್ ತುಣುಕುಗಳನ್ನು ಓದಿಸಿ, ಈ ಸಂಕೀರ್ಣದಲ್ಲಿ ಹೆಚ್ಚು ಬೇರ್ಪಡಿಸುವುದು ಎಪಿಮ್ಯಾಟ್. ಬೇರೆ ಕುಲಗಳಿಗೆ ಬೇರೆ ತುಣುಕು: ಫ್ಯುಸೇರಿಯಂಗೆ ಟಿಇಎಫ್ ಮತ್ತು ಆರ್‌ಪಿಬಿ2, ಆಸ್ಪರ್ಜಿಲಸ್‌ಗೆ ಕಾಲ್ಮೊಡ್ಯುಲಿನ್, ಟ್ರೈಕೋಡರ್ಮಾಕ್ಕೆ ಟಿಇಎಫ್. ಫೈಟಾಫ್ತೊರಾಕ್ಕೆ ಐಟಿಎಸ್1ಎಫ್ ಪ್ರೈಮರ್ (ಡಿಎನ್‌ಎ ನಕಲು ಶುರುಮಾಡುವ ಚಿಕ್ಕ ತುಣುಕು) ಬಳಸಬೇಡಿ. ಅದು ನಿಜವಾದ ಶಿಲೀಂಧ್ರಗಳಿಗೆಂದೇ ಹೊಲಿದ ಅಂಗಿ. ಐಟಿಎಸ್6 ಮತ್ತು ಐಟಿಎಸ್4 ಜೋಡಿ ಬಳಸಿ.

ಡಿಎನ್‌ಎ ತುಣುಕನ್ನು ನಕಲು ಮಾಡಿ ಹೆಚ್ಚಿಸುವ ಪಿಸಿಆರ್‌ಗೆ ಸಾಮಾನ್ಯ ಲೆಕ್ಕ: 94 ಡಿಗ್ರಿಯಲ್ಲಿ 3 ನಿಮಿಷ, ಬಳಿಕ 35 ಸುತ್ತು, ಪ್ರತಿ ಸುತ್ತಿನಲ್ಲಿ 94 ಡಿಗ್ರಿ 30 ಸೆಕೆಂಡ್, ಐಟಿಎಸ್‌ಗಾದರೆ 55 ಡಿಗ್ರಿ 30 ಸೆಕೆಂಡ್, 72 ಡಿಗ್ರಿ 1 ನಿಮಿಷ, ಕೊನೆಗೆ 72 ಡಿಗ್ರಿಯಲ್ಲಿ 7 ನಿಮಿಷ. ಡಿಎನ್‌ಎ ಹಾಕದ ಒಂದು ಟ್ಯೂಬ್ ಪ್ರತಿ ಸಲವೂ ಇರಲಿ. ಅದರಲ್ಲೂ ಪಟ್ಟೆ ಬಂದರೆ ಅಂದಿನ ಫಲಿತಾಂಶವೆಲ್ಲ ಕಸದ ಬುಟ್ಟಿಗೆ. ಜೆಲ್‌ನಲ್ಲಿ ಎರಡು ಪಟ್ಟೆ ಬಂದರೆ ಒಂದನ್ನು ಕತ್ತರಿಸಿ ಕಳಿಸುವ ಆಸೆ ಬೇಡ, ಕೃಷಿಯನ್ನೇ ಮತ್ತೆ ಒಂಟಿ ಬೀಜಕದಿಂದ ಶುದ್ಧಮಾಡಿ.

ಓದಿ ಬಂದ ಅಕ್ಷರಗಳ ಎರಡೂ ತುದಿಯ 30–50 ಅಕ್ಷರ ಮಸುಕಾಗಿರುತ್ತವೆ, ಅಲೆಚಿತ್ರ ನೋಡಿ ಕತ್ತರಿಸಿ. ಆಧಾರ ಮಾದರಿಗಳ ಸರಣಿಗಳನ್ನು ಸೇರಿಸಿ ಮಾಫ್ಟ್ ತಂತ್ರಾಂಶದಲ್ಲಿ ಜೋಡಿಸಿ, ಜೋಡಣೆಯನ್ನು ಕಣ್ಣಲ್ಲೂ ನೋಡಿ. ಪ್ರತಿ ಜೀನ್‌ಗೆ ಮೊದಲು ಪ್ರತ್ಯೇಕ ವಂಶವೃಕ್ಷ ಕಟ್ಟಬೇಕು. ತಂತ್ರಾಂಶ ಐಕ್ಯೂ ಟ್ರೀ, ರಾಕ್ಸ್‌ಎಂಎಲ್ ಯಾವುದಾದರೂ ಸರಿ, 1000 ಬೂಟ್‌ಸ್ಟ್ರಾಪ್ (ಕವಲು ಎಷ್ಟು ಗಟ್ಟಿ ಎಂದು ಅಳೆಯುವ ಮರುಪರೀಕ್ಷೆ). ಹೊರಗುಂಪಾಗಿ (ಮರದ ಬುಡ ಗುರುತಿಸಲು ಇಡುವ ಹೊರಗಿನ ನೆಂಟನಾಗಿ) ಬೊನಿನೆನ್ಸೆಯಂಥ ನೆರೆ ಸಂಕೀರ್ಣದ ಪ್ರಭೇದ ಇರಲಿ. ತೀರಾ ದೂರದ್ದನ್ನು ಇಟ್ಟರೆ ಜೋಡಣೆಯೇ ಕೆಡುತ್ತದೆ. ಮೂರೂ ಮರಗಳು ನಿಮ್ಮ ಮಾದರಿಯನ್ನು ಒಂದೇ ಕವಲಿನಲ್ಲಿ ಕೂರಿಸಿದರೆ ಪ್ರಭೇದದ ಹೆಸರು ಹೇಳಲು ಧೈರ್ಯ ಬರುತ್ತದೆ. ಹಲವು ಜೀನ್‌ಗಳ ಮರಗಳು ಒಪ್ಪಿದಲ್ಲಿ ಪ್ರಭೇದದ ಗಡಿ ಎಳೆಯುವ ಈ ಕ್ರಮ 2000ದಿಂದ ಶಿಲೀಂಧ್ರಶಾಸ್ತ್ರದಲ್ಲಿ ರೂಢಿಯಾಗಿದೆ. ಒಂದು ಮರ ಒಂದು ಕಡೆ, ಇನ್ನೊಂದು ಮರ ಇನ್ನೊಂದು ಕಡೆ ಎಳೆದರೆ ಜೀನ್‌ಗಳನ್ನೆಲ್ಲ ಅಂಟಿಸಿ ಒಂದೇ ಮರ ಮಾಡಿ ಮುಚ್ಚಿಹಾಕಬೇಡಿ. ಹೆಚ್ಚಿನ ಸಲ ಟ್ಯೂಬ್ ಅದಲುಬದಲಾಗಿರುತ್ತದೆ. ಅಪರೂಪಕ್ಕೆ ಎರಡು ಕವಲುಗಳು ಜೀನ್ ಹಂಚಿಕೊಂಡಿರುತ್ತವೆ, ಅದು ನಿಜಕ್ಕೂ ಬರೆಯಬೇಕಾದ ವಿಷಯ. ಬೂಟ್‌ಸ್ಟ್ರಾಪ್ 70ಕ್ಕಿಂತ ಕಡಿಮೆಯಿರುವ ಕವಲಿನ ಮೇಲೆ ವಾದ ಕಟ್ಟಬೇಡಿ.

ಪ್ರಶ್ನೆ: ಬೀಜಕಗಳು ಗಾಳಿಯಲ್ಲಿ ಖಂಡಗಳನ್ನೇ ದಾಟುತ್ತವಂತೆ. ಹಾಗಿದ್ದಮೇಲೆ ಸೂಕ್ಷ್ಮ ಶಿಲೀಂಧ್ರಕ್ಕೆ ಊರು, ದೇಶ ಎಂದು ಇರಲು ಹೇಗೆ ಸಾಧ್ಯ?
— ಶಿಕ್ಷಕರು, ಮೈಸೂರು

ಉತ್ತರ: ಎಲ್ಲವೂ ಎಲ್ಲೆಡೆ ಇವೆ, ಆರಿಸುವುದು ಪರಿಸರ ಎಂದು 1934ರಲ್ಲಿ ಡಚ್ ವಿಜ್ಞಾನಿ ಬಾಸ್ ಬೆಕಿಂಗ್ ಬರೆದರು. ಬಹುಕಾಲ ಅದನ್ನೇ ನಂಬಿದ್ದಕ್ಕೆ ಕಾರಣ ಸರಳ: ಸೂಕ್ಷ್ಮದರ್ಶಕದಲ್ಲಿ ಒಂದೇ ಥರ ಕಂಡದ್ದಕ್ಕೆಲ್ಲ ಒಂದೇ ಹೆಸರು ಕೊಟ್ಟರೆ ಆ ಹೆಸರು ಎಲ್ಲೆಡೆ ಸಿಗಲೇಬೇಕಲ್ಲ!

ಅಮೆರಿಕ ಖಂಡಗಳ ಒಣ ಮಣ್ಣಿನ ಕಾಕ್ಸಿಡಿಯಾಯ್ಡಿಸ್ ಒಳ್ಳೆಯ ಉದಾಹರಣೆ. ಉಸಿರಿನೊಂದಿಗೆ ಒಳಹೋಗಿ ಶ್ವಾಸಕೋಶಕ್ಕೆ ರೋಗ ತರುತ್ತದೆ. 1896ರಲ್ಲಿ ಹೆಸರಿಟ್ಟವರು ಅದನ್ನು ಶಿಲೀಂಧ್ರ ಎಂದೇ ತಿಳಿದಿರಲಿಲ್ಲ, ಕಾಕ್ಸಿಡಿಯಾ ಎಂಬ ಏಕಕೋಶ ಪ್ರಾಣಿಯಂತಿದೆ ಎಂದುಕೊಂಡಿದ್ದರು. ಶತಮಾನದ ಕಾಲ ಒಂದೇ ಪ್ರಭೇದವಾಗಿದ್ದ ಅದನ್ನು 2002ರಲ್ಲಿ ಡಿಎನ್‌ಎ ಆಧಾರದ ಮೇಲೆ ಎರಡು ಮಾಡಿದರು. ಇಮ್ಮಿಟಿಸ್ ಮುಖ್ಯವಾಗಿ ಕ್ಯಾಲಿಫೋರ್ನಿಯಾದ್ದು. ಪೊಸಡಾಸಿಯೈ ಅರಿಜೋನಾ, ಟೆಕ್ಸಸ್, ಮೆಕ್ಸಿಕೊ, ದಕ್ಷಿಣ ಅಮೆರಿಕದ್ದು. ಗಾಜಿನ ಕೆಳಗೆ ಎರಡೂ ಒಂದೇ. ನಕ್ಷೆಯ ಮೇಲೆ ಇಟ್ಟಾಗ ಮಾತ್ರ ಜೀನ್ ಹೇಳಿದ ಗಡಿ ಮಣ್ಣಿನ ಮೇಲೂ ಇದೆ ಎಂದು ಕಂಡಿತು.

ಹಾಗೆಂದು ಎಲ್ಲದಕ್ಕೂ ಗಡಿ ಇದೆ ಎಂದಲ್ಲ. ಕಾಂಪೋಸ್ಟ್ ಗುಂಡಿಯ ಆಸ್ಪರ್ಜಿಲಸ್ ಫ್ಯೂಮಿಗೇಟಸ್ ನಿಜಕ್ಕೂ ಲೋಕಸಂಚಾರಿ. ಗಿಡದ ಬೇರಿನೊಂದಿಗೆ ಬದುಕುವ ಶಿಲೀಂಧ್ರಗಳು ಆ ಗಿಡ ಇಲ್ಲದ ಕಡೆ ಇಳಿದರೂ ಬದುಕಲಾರವು. 2014ರಲ್ಲಿ ಜಗತ್ತಿನ 365 ಜಾಗಗಳ ಮಣ್ಣಿನ ಡಿಎನ್‌ಎ ಓದಿದ ಅಧ್ಯಯನ, ಒಟ್ಟಾರೆ ಶಿಲೀಂಧ್ರ ವೈವಿಧ್ಯ ಸಮಭಾಜಕದತ್ತ ಹೆಚ್ಚುತ್ತದೆ, ಆದರೆ ಮರಗಳ ಬೇರನ್ನು ಹೊದ್ದುಕೊಳ್ಳುವ ಸಹಜೀವಿಗಳು ಮಾತ್ರ ಸಮಶೀತೋಷ್ಣ ನಾಡಿನಲ್ಲಿ ಹೆಚ್ಚು ಎಂದು ತೋರಿಸಿತು.

ಮೂಲ ಊರು ಪತ್ತೆಹಚ್ಚುವ ಕ್ರಮವೂ ಕುತೂಹಲದ್ದು. ಹುಟ್ಟಿದ ಊರಿನಲ್ಲಿ ಜೀವಿಯ ಜೀನ್ ವೈವಿಧ್ಯ ಹೆಚ್ಚಿರುತ್ತದೆ. ವಲಸೆ ಹೋದಲ್ಲಿ ಒಂದೇ ತಾಯಿಯ ನಕಲುಗಳು. ಕಪ್ಪೆಗಳನ್ನು ಕೊಲ್ಲುವ ಬೆಟ್ರಾಕೊಕೈಟ್ರಿಯಂ ಡೆಂಡ್ರೊಬೆಟೈಡಿಸ್ 1999ರಲ್ಲಿ ಅಮೆರಿಕದ ಮೃಗಾಲಯವೊಂದರ ಕಪ್ಪೆಯಿಂದ ವರ್ಣಿತವಾಯಿತು. ಆಸ್ಟ್ರೇಲಿಯಾದಿಂದ ಮಧ್ಯ ಅಮೆರಿಕದವರೆಗೆ ಕಪ್ಪೆಗಳನ್ನು ಸಾಮೂಹಿಕವಾಗಿ ಕೊಂದ ತಳಿಗಳು ಒಂದಕ್ಕೊಂದು ಬಹಳ ಹತ್ತಿರ. ಆದರೆ ಅತಿ ಹೆಚ್ಚು ವೈವಿಧ್ಯ ಸಿಕ್ಕಿದ್ದು ಕೊರಿಯಾದ ಕಪ್ಪೆಗಳಲ್ಲಿ. ಪೂರ್ವ ಏಷ್ಯಾವೇ ಮೂಲ, 20ನೇ ಶತಮಾನದಲ್ಲಿ ಉಭಯವಾಸಿಗಳ ವ್ಯಾಪಾರದೊಂದಿಗೆ ಹರಡಿತು ಎಂದು 2018ರ ಜೀನೋಮ್ ಅಧ್ಯಯನ ತೀರ್ಮಾನಿಸಿತು. ನಮ್ಮ ಘಟ್ಟದ ಕಪ್ಪೆಗಳಲ್ಲೂ ಇದು ಇದೆ.

ಪ್ರಶ್ನೆ: ಭತ್ತದ ಬೆಂಕಿ ರೋಗ ಪಕ್ಕದ ರಾಗಿಗೆ ಹಾರುತ್ತದೆಯೇ? ಪುಸ್ತಕದಲ್ಲಿ ಒಂದು ಕಡೆ ಮ್ಯಾಗ್ನಪೋರ್ತೆ, ಒಂದು ಕಡೆ ಪಿರಿಕುಲೇರಿಯಾ ಎಂದಿದೆ. ಯಾವುದು ಸರಿ?
— ರೈತರು, ಮಂಡ್ಯ

ಉತ್ತರ: ಎರಡೂ ಒಂದೇ ಜೀವಿಯ ಹೆಸರು. ಲೈಂಗಿಕ ಹಂತಕ್ಕೆ ಒಂದು, ಬರೀ ಬೀಜಕ ಕೊಡುವ ಹಂತಕ್ಕೆ ಒಂದು ಹೆಸರಿಡುವ ಪದ್ಧತಿಯಿತ್ತು. 2011ರ ಮೆಲ್ಬರ್ನ್ ಸಮ್ಮೇಳನದಲ್ಲಿ ಒಂದು ಶಿಲೀಂಧ್ರಕ್ಕೆ ಒಂದೇ ಹೆಸರು ಎಂದು ತೀರ್ಮಾನವಾಯಿತು. ಈಗ ಪಿರಿಕುಲೇರಿಯಾ ಒರೈಜೆ ಎಂದು ಬರೆಯುವುದು ಸರಿ. ಪಿರಿಕುಲೇರಿಯಾ ಗ್ರೀಸಿಯಾ ಎಂಬುದು ಡಿಜಿಟೇರಿಯಾ ಹುಲ್ಲಿನ ಮೇಲಿನ ಬೇರೆ ಪ್ರಭೇದ. 2002ರಿಂದ ಅದು ಪ್ರತ್ಯೇಕ.

ಭತ್ತ, ರಾಗಿ ಎರಡರ ಮೇಲಿನದೂ ಒಂದೇ ಪ್ರಭೇದ, ಆದರೆ ಕವಲು ಬೇರೆ. ಭತ್ತದ ಕವಲು ಹೊಲದಲ್ಲಿ ರಾಗಿಗೆ ಸಾಮಾನ್ಯವಾಗಿ ರೋಗ ತರುವುದಿಲ್ಲ. ರಾಗಿಯ ಬೆಂಕಿ ರೋಗಕ್ಕೆ ನೀವು ನೋಡಬೇಕಾದ್ದು ನೆರೆಯ ಗದ್ದೆಯನ್ನಲ್ಲ, ನಿಮ್ಮದೇ ಬಿತ್ತನೆ ಬೀಜ, ಹಿಂದಿನ ಬೆಳೆಯ ಕೂಳೆ ಮತ್ತು ಬದುವಿನ ಮೇಲಿನ ಕಾಡು ರಾಗಿ ಹುಲ್ಲನ್ನು. ಕವಲು ಗೊತ್ತಿದ್ದರೆ ಏನು ಲಾಭ ಎಂಬುದಕ್ಕೆ 2016ರ ಬಾಂಗ್ಲಾದೇಶ ಸಾಕ್ಷಿ. ಅಲ್ಲಿ ಸುಮಾರು 15,000 ಹೆಕ್ಟೇರ್ ಗೋಧಿಗೆ ಬೆಂಕಿ ರೋಗ ತಗುಲಿದಾಗ ಭತ್ತದಿಂದ ಹಾರಿತು ಎಂಬ ಶಂಕೆ ಸಹಜವಾಗಿತ್ತು. ಜೀನೋಮ್ ಓದಿದರೆ ಅದು 1985ರಲ್ಲಿ ಬ್ರೆಜಿಲ್‌ನಲ್ಲಿ ಮೊದಲು ಕಂಡ ಗೋಧಿ ಕವಲು, ದಕ್ಷಿಣ ಅಮೆರಿಕದಿಂದ ಬಂದದ್ದು. ಆಮೇಲೆ ಗಡಿಯ ಈಚೆ ಪಶ್ಚಿಮ ಬಂಗಾಳದ ಮುರ್ಷಿದಾಬಾದ್, ನದಿಯಾ ಜಿಲ್ಲೆಗಳಲ್ಲಿ ಗೋಧಿ ಬಿತ್ತನೆಯನ್ನೇ ತಡೆದರು, ಭತ್ತವನ್ನು ಮುಟ್ಟಲಿಲ್ಲ.

ಪ್ರಶ್ನೆ: ಹೊಸ ಪ್ರಭೇದ ಸಿಕ್ಕಿದೆ ಎಂದು ಖಾತ್ರಿಯಾದರೆ ಮುಂದೇನು?
— ಸಂಶೋಧಕಿ, ಶಿವಮೊಗ್ಗ

ಉತ್ತರ: ಮೊದಲು ಆಧಾರ ಮಾದರಿ. ಜೀವಂತ ಕೃಷಿ ಆಧಾರ ಮಾದರಿಯಾಗದು. ಒಣಗಿಸಿದ್ದು ಅಥವಾ ಜೀವಕ್ರಿಯೆ ನಿಲ್ಲುವಂತೆ ಹೆಪ್ಪುಗಟ್ಟಿಸಿ ಕಾಪಿಟ್ಟದ್ದು ಆಗಬೇಕು, ಹಾಗೆಂದು ಪ್ರಬಂಧದಲ್ಲಿ ಬರೆಯಲೂ ಬೇಕು. ಈ ಒಂದು ವಾಕ್ಯ ಬಿಟ್ಟುಹೋಗಿ ಹೆಸರು ಅಸಿಂಧುವಾಗುವುದುಂಟು. ಪುಣೆಯ ಅಘರ್ಕರ್ ಸಂಶೋಧನಾ ಸಂಸ್ಥೆಯಲ್ಲಿ ಅಜ್ರೇಕರ್ ಶಿಲೀಂಧ್ರ ಸಂಗ್ರಹಾಲಯವೂ ರಾಷ್ಟ್ರೀಯ ಶಿಲೀಂಧ್ರ ಕೃಷಿ ಸಂಗ್ರಹವೂ ಇವೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲೂ ಹಳೆಯ ಸಂಗ್ರಹಾಲಯವಿದೆ. 2002ರ ಜೀವವೈವಿಧ್ಯ ಕಾಯ್ದೆಯ 39ನೇ ಕಲಮಿನಂತೆ ಹೊಸ ಪ್ರಭೇದದ ಮಾದರಿಯನ್ನು ಗೊತ್ತುಪಡಿಸಿದ ಭಂಡಾರಕ್ಕೆ ಒಪ್ಪಿಸುವುದು ಕಡ್ಡಾಯ. ಹೊರದೇಶದ ಪ್ರಯೋಗಾಲಯಕ್ಕೆ ಕಳಿಸುವ ಮೊದಲು ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ನಿಯಮ ಓದಿ.

ಹೆಸರಿಗೆ ಮೈಕೋಬ್ಯಾಂಕ್, ಇಂಡೆಕ್ಸ್ ಫಂಗೋರಂ ಅಥವಾ ಫಂಗಲ್ ನೇಮ್ಸ್‌ನ ನೋಂದಣಿ ಸಂಖ್ಯೆ 2013ರ ಜನವರಿ 1ರಿಂದ ಕಡ್ಡಾಯ. ವರ್ಣನೆ ಲ್ಯಾಟಿನ್ ಅಥವಾ ಇಂಗ್ಲಿಷಿನಲ್ಲಿರಲಿ. ಒಂದೇ ಮಾದರಿಯಿಂದ ಪ್ರಭೇದ ಘೋಷಿಸುವ ಆತುರ ಬೇಡ, ಬೇರೆ ಹಳ್ಳ, ಬೇರೆ ತಾಲ್ಲೂಕಿನಿಂದ ಇನ್ನೆರಡಾದರೂ ಸಿಗಲಿ. ಜೀನ್‌ಬ್ಯಾಂಕ್‌ಗೆ ಸರಣಿ ಕಳಿಸುವಾಗ ಜಾಗದ ಕಲಮಿನಲ್ಲಿ ಬರೀ ಭಾರತ ಎಂದು ತುಂಬಿ ಬಿಡಬೇಡಿ. ಅಕ್ಷಾಂಶ, ರೇಖಾಂಶ, ಸಮುದ್ರಮಟ್ಟದಿಂದ ಎತ್ತರ, ಯಾವ ಗಿಡದ ಯಾವ ಭಾಗ, ನೀರಿನದಾದರೆ ನೀರಿನ ಉಷ್ಣತೆ, ಸಂಗ್ರಹಿಸಿದ ದಿನಾಂಕ, ಇಷ್ಟೂ ಇರಲಿ.